ಕಿರುತೆರೆಯ ನೃತ್ಯಸ್ಪರ್ಧೆ ಮತ್ತು ಹಾನಗಲ್ ಸೀಮೆಯ ಎಳೆಯರ ಕುಣಿತ

ಟಿ.ವಿ. ವಾಹಿನಿಗಳು ನಡೆಸುವ ನೃತ್ಯಸ್ಪರ್ಧೆಗಳಲ್ಲಿ ಮಕ್ಕಳ ಯಾವ ಬಗೆಯ ಕುಣಿತಗಳು ಜನರ ಮನಸ್ಸಿನಲ್ಲಿ ಉಳಿದವು, ಅವಕ್ಕೂ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಕುಣಿತದ ಪರಂಪರೆಗೂ ಏನು ನಂಟು ಎಂಬುದು ಈ ಲೇಖನದ ವಿಷಯ. ಈ ನಾಲ್ಕೂ ತಾಲೂಕುಗಳು ಮೊದಲು ಧಾರವಾಡ ಜಿಲ್ಲೆಯಲ್ಲಿದ್ದವು, 1997ರಿಂದ ಹಾವೇರಿ ಜಿಲ್ಲೆಯಲ್ಲಿವೆ. ಪಶ್ಚಿಮಕ್ಕೆ ಅರೆಮಲೆನಾಡಿನ ಭತ್ತದ ಗದ್ದೆ, ಪೂರ್ವಕ್ಕೆ ಎರೆಹೊಲ. ಭೂಮಿ ಎರಡು ಬಗೆಯದಾದರೆ ಕುಣಿತ ಇಲ್ಲಿ ಹಲವು ಬಗೆ.

ಸ್ಪರ್ಧೆಗಾಗಿ ಕುಣಿಯುವುದು ಟಿ.ವಿ. ತಂದ ಹೊಸ ರೂಢಿ ಎಂದು ಹಲವರು ತಿಳಿದಿದ್ದಾರೆ. ಅದು ನಿಜವಲ್ಲ. ಹಾನಗಲ್ಲು, ಅಂದರೆ ಶಾಸನಗಳ ಪಾನುಂಗಲ್ಲು, ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಕದಂಬರ ರಾಜಧಾನಿಯಾಗಿತ್ತು. ಆ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೃತ್ಯಕ್ಕೇ ಮೀಸಲಾದ ಒಂದು ಭಾಗವಿದೆ. ಯಾವ ಯಾವ ಸಂದರ್ಭದಲ್ಲಿ ನೃತ್ಯ ನಡೆಯಬೇಕು ಎನ್ನುವಾಗ ಅವನು ಉತ್ಸವ, ವಿಜಯ, ಹರ್ಷಗಳ ಸಾಲಿನಲ್ಲೇ ವಿವಾದ ಮತ್ತು ಪರೀಕ್ಷೆಯನ್ನೂ ಸೇರಿಸುತ್ತಾನೆ. ಒಬ್ಬರ ಕುಣಿತವನ್ನು ಇನ್ನೊಬ್ಬರ ಕುಣಿತದ ಎದುರಿಗಿಟ್ಟು ತೂಗುವುದು ಒಂಬೈನೂರು ವರ್ಷದ ಹಿಂದೆಯೇ ಈ ನಾಡಿನ ಆಸ್ಥಾನಕ್ಕೆ ಗೊತ್ತಿತ್ತು. ಅದೇ ಗ್ರಂಥ ಗೊಂಡಲಿಯಂಥ ಜನಪದ ಕುಣಿತವನ್ನೂ ಆಸ್ಥಾನದ ನೃತ್ಯದ ಜೊತೆಗೇ ಹೆಸರಿಸುತ್ತದೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದಲ್ಲಿ ನಿಂತು ಮೇಲಿನ ಕಲ್ಲಿನ ಕಮಲವನ್ನು ನೋಡುವವರು ಈ ಮಾತನ್ನೂ ನೆನೆಯಬೇಕು.

ಊರಿನ ಅಂಗಳ

ಈ ಸೀಮೆಯ ಮಗು ಮೊದಲು ನೋಡುವ ಕುಣಿತ ಸಾಮಾನ್ಯವಾಗಿ ಡೊಳ್ಳಿನದು. ಬೀರಪ್ಪನ ಗುಡಿಯ ಮುಂದೆ, ಜಾತ್ರೆಯ ಮೆರವಣಿಗೆಯಲ್ಲಿ, ಕನಕದಾಸರ ಜಯಂತಿಯ ದಿನ ಅದನ್ನು ಕೇಳದೆ ಬೆಳೆದವರಿಲ್ಲ. ಕನಕದಾಸರ ಊರು ಬಾಡ ಇರುವುದೂ ಶಿಗ್ಗಾಂವಿ ತಾಲೂಕಿನಲ್ಲೇ. ಡೊಳ್ಳು ಕುಣಿತವನ್ನು ದೂರದಿಂದ ನೋಡಿದವರಿಗೆ ಅದು ಬರೀ ಅಬ್ಬರ. ಹತ್ತಿರ ನಿಂತು ನೋಡಿದರೆ ಬೇರೆಯದೇ ಕಾಣುತ್ತದೆ. ಮರದ ಭಾರೀ ಕಳಸಿಗೆಗೆ ಎರಡೂ ಕಡೆ ಚರ್ಮ ಬಿಗಿದ ವಾದ್ಯವನ್ನು ಹೆಗಲಿನಿಂದ ಹೊಟ್ಟೆಯ ಮುಂದಕ್ಕೆ ಕಟ್ಟಿಕೊಂಡಿರುತ್ತಾರೆ. ಬಲಗೈಯಲ್ಲಿ ಗುಣಿ ಎಂಬ ಕೋಲು, ಎಡಗೈಯದು ಬರಿ ಅಂಗೈ. ಕೋಲಿನ ಪೆಟ್ಟು ಬೀಳುವ ಮೊದಲೇ ಮೊಣಕಾಲು ಸಡಿಲಬೇಕು. ಮೊಣಕಾಲು ಗಟ್ಟಿ ಹಿಡಿದವನ ಬೆನ್ನು ಹತ್ತು ನಿಮಿಷಕ್ಕೆ ಸೋಲುತ್ತದೆ. ಹುಡುಗರಿಗೆ ಮೊದಲು ಕಲಿಸುವುದು ಇದನ್ನೇ. ಭಾರವನ್ನು ಹೊರಬೇಡ, ಅದರ ಜೊತೆ ತೂಗು ಎನ್ನುತ್ತಾರೆ ಹಿರಿಯರು. ಹದಿನಾರು ಜನ ವೃತ್ತವಾಗಿ ಸುತ್ತುವಾಗ ಒಬ್ಬ ಅರ್ಧ ಹೆಜ್ಜೆ ತಡವಾದರೂ ಪಕ್ಕದವನ ಡೊಳ್ಳು ಅವನ ಮೊಣಕೈಗೆ ತಾಗುತ್ತದೆ. ತಪ್ಪು ಮಾಡಿದವನಿಗೆ ತೀರ್ಪುಗಾರರು ಹೇಳುವ ಮೊದಲೇ ಗೊತ್ತಾಗುವ ಕಲೆ ಇದು.

ಎರಡನೆಯದು ಪುರವಂತಿಕೆ. ಹಳೆಯ ಮೈಸೂರಿನ ಕಡೆ ವೀರಗಾಸೆ ಎನ್ನುವ ಪರಂಪರೆಯ ಉತ್ತರದ ರೂಪ ಇದು ಎನ್ನಬಹುದು. ವೀರಭದ್ರನ ಗುಗ್ಗಳದಲ್ಲಿ, ಮದುವೆಯ ಮನೆಯಲ್ಲಿ, ಜಾತ್ರೆಯಲ್ಲಿ ಸಮ್ಮಾಳ ವಾದ್ಯದ ಹೊಡೆತಕ್ಕೆ ಪುರವಂತರು ಹೆಜ್ಜೆ ಹಾಕುತ್ತಾರೆ. ನಡುನಡುವೆ ಕುಣಿತ ನಿಲ್ಲುತ್ತದೆ, ಒಡಪು ಬರುತ್ತದೆ. ಅದು ಪುರಾಣದ ಕಥೆಯನ್ನು ಒಂದೇ ಉಸಿರಿನಲ್ಲಿ ಏರುದನಿಯಲ್ಲಿ ಹೇಳುವ ಗದ್ಯ. ಅದು ಮುಗಿಯುತ್ತಲೇ ಸಮ್ಮಾಳ ಮತ್ತೆ ಎತ್ತಿಕೊಳ್ಳುತ್ತದೆ. ಮಾತು ಮತ್ತು ಕುಣಿತ ಹೀಗೆ ಒಂದನ್ನೊಂದು ಎಬ್ಬಿಸುವ ಕ್ರಮವನ್ನು ಬೇರೆ ಕಲೆಗಳಲ್ಲಿ ಇಷ್ಟು ಚೊಕ್ಕವಾಗಿ ಕಾಣುವುದು ಕಷ್ಟ. ಅಪ್ಪನ ಜೊತೆ ಕಾಲಿಗೆ ಗೆಜ್ಜೆ ಕಟ್ಟಿ ನಿಲ್ಲುವ ಸಣ್ಣ ಹುಡುಗರನ್ನು ಗುಗ್ಗಳದಲ್ಲಿ ನೋಡಬಹುದು. ಕೆನ್ನೆಗೆ ಶಸ್ತ್ರ ಹಾಕಿಕೊಳ್ಳುವುದು ದೊಡ್ಡವರ ಹರಕೆ. ಹುಡುಗರ ಪಾಲಿಗೆ ಬರುವುದು ಹೆಜ್ಜೆ ಮತ್ತು ಒಡಪು ಮಾತ್ರ.

ಸವಣೂರು, ಶಿಗ್ಗಾಂವಿ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕುಣಿತವಿದೆ. ಕನ್ನಡಿ ಚೂರು ಹೊಲಿದ ಕಾಂಚಳಿ, ನೆರಿಗೆಯ ಫೇಟಿಯಾ ತೊಟ್ಟು, ವೃತ್ತದಲ್ಲಿ ಬಾಗಿ ಏಳುತ್ತ ಚಪ್ಪಾಳೆ ಇಡುತ್ತಾರೆ. ಅಜ್ಜಿ, ತಾಯಿ, ಮೊಮ್ಮಗಳು ಮೂವರೂ ಒಂದೇ ಸುತ್ತಿನಲ್ಲಿರುತ್ತಾರೆ. ಇಲ್ಲಿ ಯಾರೂ ಮುಂದಿನ ಸಾಲಿನವರಲ್ಲ, ಯಾರೂ ಹಿಂದಿನ ಸಾಲಿನವರಲ್ಲ. ಕೋಲಾಟ, ಹೋಳಿಯ ಜಗ್ಗಲಿಗೆ, ಭಜನಾ ಮೇಳದ ಕುಣಿತ ಇವೂ ಉಂಟು. ಬೆಳತನಕ ನಡೆಯುವ ದೊಡ್ಡಾಟದ ಭುಜಕೀರ್ತಿ, ಕಿರೀಟದ ಭಾರದಲ್ಲಿ ಕುಣಿಯುವುದು ಬೇರೆಯದೇ ತಾಲೀಮು. ಹಾನಗಲ್ ತಾಲೂಕಿನ ಶೇಷಗಿರಿ ಎಂಬ ಸಣ್ಣ ಊರು ಹವ್ಯಾಸಿ ರಂಗಭೂಮಿಯಿಂದಲೇ ನಾಡಿಗೆ ಪರಿಚಿತವಾಗಿದ್ದು, ತನ್ನದೇ ರಂಗಮಂದಿರ ಹೊಂದಿದೆ. ಕುಣಿತ ಬಲ್ಲ ಮಗುವಿಗೆ ಅಭಿನಯವನ್ನೂ ಕಲಿಸುವ ಇಂಥ ಊರು ಪಕ್ಕದಲ್ಲಿರುವುದು ಈ ಸೀಮೆಯ ಭಾಗ್ಯ.

ಟಿ.ವಿ. ಬಂದ ಮೇಲೆ

1996ರಲ್ಲಿ ಸೋನಿ ವಾಹಿನಿಯಲ್ಲಿ ಶುರುವಾದ ‘ಬೂಗಿ ವೂಗಿ’ ಭಾರತದಲ್ಲಿ ಇಂಥ ಸ್ಪರ್ಧೆಗೆ ದಾರಿ ಹಾಕಿತು. ಜಾವೇದ್ ಜಾಫ್ರಿ, ನಾವೇದ್ ಜಾಫ್ರಿ, ರವಿ ಬೆಹ್ಲ್ ನಡೆಸುತ್ತಿದ್ದ ಆ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಬೇರೆಯೇ ಕಂತುಗಳಿದ್ದವು. 2009ರಲ್ಲಿ ಜೀ ಟಿ.ವಿ.ಯ ‘ಡ್ಯಾನ್ಸ್ ಇಂಡಿಯಾ ಡ್ಯಾನ್ಸ್’ ಬಂತು. ಅದರ ಮೊದಲ ಆವೃತ್ತಿ ಗೆದ್ದವರು ಬೆಂಗಳೂರಿನ ಸಲ್ಮಾನ್ ಯೂಸುಫ್ ಖಾನ್. ಮರುವರ್ಷ ಮಕ್ಕಳಿಗೆಂದೇ ‘ಲಿಟಲ್ ಮಾಸ್ಟರ್ಸ್’ ಆರಂಭವಾಗಿ ಅಸ್ಸಾಮಿನ ಜೀತುಮನಿ ಕಲಿತಾ ಗೆದ್ದಳು. 2016ರಲ್ಲಿ ಸೋನಿಯ ‘ಸೂಪರ್ ಡ್ಯಾನ್ಸರ್’ ಬಂದು ದಿತ್ಯಾ ಭಾಂಡೆ ಮೊದಲ ಗೆಲುವು ಪಡೆದಳು. ಈ ಹುಡುಗಿ ಮುಂದೆ ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಅವರ ಜೊತೆ ‘ಲಕ್ಷ್ಮಿ’ ಎಂಬ ತಮಿಳು ಚಿತ್ರದಲ್ಲಿ ನಟಿಸಿದಳು.

ಕನ್ನಡದಲ್ಲಿ ಉದಯ ಟಿ.ವಿ. 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ, ಜೀ ಕನ್ನಡ 2006ರಲ್ಲಿ ಪ್ರಸಾರ ಆರಂಭಿಸಿದವು. ಮೊದಲು ಮನೆಮನೆ ಗೆದ್ದದ್ದು ಹಾಡಿನ ಸ್ಪರ್ಧೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿದ ‘ಎದೆ ತುಂಬಿ ಹಾಡುವೆನು’ ಅದಕ್ಕೆ ಸಾಕ್ಷಿ. ಕುಣಿತದ ಸರದಿ ಅದರ ಬೆನ್ನಿಗೆ ಬಂತು. ಈಟಿವಿ ಕನ್ನಡದ ‘ಡ್ಯಾನ್ಸಿಂಗ್ ಸ್ಟಾರ್’ ವಿ. ರವಿಚಂದ್ರನ್ ಅವರ ತೀರ್ಪಿನಿಂದ ಹೆಸರಾಯಿತು. ಅದು ಹೆಚ್ಚಾಗಿ ತಾರೆಯರ ವೇದಿಕೆ. ಹಳ್ಳಿಯ ಮಕ್ಕಳು ತಮ್ಮದೆಂದುಕೊಂಡದ್ದು ಜೀ ಕನ್ನಡದ ‘ಡ್ಯಾನ್ಸ್ ಕರ್ನಾಟಕ ಡ್ಯಾನ್ಸ್’. ರಕ್ಷಿತಾ, ವಿಜಯ ರಾಘವೇಂದ್ರ, ಅರ್ಜುನ್ ಜನ್ಯ ತೀರ್ಪುಗಾರರಾಗಿದ್ದರು, ಅನುಶ್ರೀ ನಿರೂಪಕಿಯಾಗಿದ್ದರು. 2022ರ ಆವೃತ್ತಿಗೆ ಶಿವರಾಜ್‌ಕುಮಾರ್ ಬಂದರು. ಈ ಸಾಲಿನಲ್ಲಿ ವಿಜಯ ರಾಘವೇಂದ್ರ ಅವರ ಕುರ್ಚಿಗೆ ವಿಶೇಷ ಅರ್ಥವಿತ್ತು. 1993ರ ‘ಚಿನ್ನಾರಿ ಮುತ್ತ’ದಲ್ಲಿ ಹಳ್ಳಿಯಿಂದ ಬಂದು ಓಡಿ ಗೆಲ್ಲುವ ಹುಡುಗ ಅವರೇ. ‘ಕೊಟ್ರೇಶಿ ಕನಸು’ ಚಿತ್ರದ ಅಭಿನಯಕ್ಕೆ ಬಾಲನಟರಾಗಿ ರಾಷ್ಟ್ರಪ್ರಶಸ್ತಿ ಪಡೆದವರೂ ಅವರೇ. ವೇದಿಕೆಯ ಮೇಲೆ ಅಂಜುತ್ತ ನಿಂತ ಮಗುವಿನ ಪಾಡು ಬಲ್ಲವರು ತೀರ್ಪು ಕೊಡುವುದಕ್ಕೂ ಅರಿಯದವರು ಕೊಡುವುದಕ್ಕೂ ಅಂತರವಿದೆ.

ಜನ ನೆನಪಿಟ್ಟುಕೊಂಡದ್ದು

ಇಂಥ ಸ್ಪರ್ಧೆಗಳಲ್ಲಿ ಒಂದು ಆವೃತ್ತಿಗೆ ನೂರಾರು ಕುಣಿತಗಳು ಬಂದುಹೋಗುತ್ತವೆ. ಉಳಿಯುವುದು ಕೆಲವೇ. ಗಾಳಿಯಲ್ಲಿ ಬಟ್ಟೆಗೆ ಜೋತು ಮಾಡುವ ಸಾಹಸ, ಕತ್ತಲಲ್ಲಿ ಹೊಳೆಯುವ ದೀಪದ ಉಡುಪು, ಎಂಟು ವರ್ಷದ ಹುಡುಗನ ಪಲ್ಟಿ, ಇವು ಆ ರಾತ್ರಿ ಉಸಿರು ಬಿಗಿ ಹಿಡಿಸುತ್ತವೆ. ಮರುವಾರ ಅದಕ್ಕಿಂತ ಎತ್ತರದ ಪಲ್ಟಿ ಬರುತ್ತದೆ, ಹಿಂದಿನದು ಮರೆತುಹೋಗುತ್ತದೆ. ಅಂಗಾಂಗವನ್ನು ಯಂತ್ರದಂತೆ ತುಂಡುತುಂಡಾಗಿ ಅಲುಗಿಸುವ ಪಾಪಿಂಗ್, ನೆಲಕ್ಕೆ ಒರಗಿ ಕುಣಿಯುವ ಕಂಟೆಂಪರರಿ, ಗುಂಪಿನ ಹಿಪ್‌ಹಾಪ್ ಮೂರೂ ಮಕ್ಕಳಿಗೆ ಪ್ರಿಯ. ಅವುಗಳನ್ನು ಕೀಳೆಂದು ನೋಡಬೇಕಿಲ್ಲ. ಹಿಪ್‌ಹಾಪ್ ಕೂಡ ಅಮೆರಿಕದ ಬಡ ಬೀದಿಗಳಲ್ಲಿ ಹುಟ್ಟಿದ ಬೀದಿಯವರ ಕಲೆಯೇ. ಅದನ್ನು ಒಲಿಸಿಕೊಂಡ ಮಗು ಪಟ್ಟ ಶ್ರಮ ಡೊಳ್ಳು ಕಲಿತ ಮಗುವಿನ ಶ್ರಮಕ್ಕಿಂತ ಕಡಿಮೆಯಲ್ಲ.

ಆದರೂ ನಮ್ಮ ಮನೆಗಳಲ್ಲಿ ವರ್ಷಗಳ ನಂತರವೂ ಮಾತಿಗೆ ಬರುವ ಕುಣಿತಗಳು ಬೇರೆ. ‘ಆ ಹುಡುಗ ಡೊಳ್ಳು ಕಟ್ಟಿದ್ದನಲ್ಲ’, ‘ಆ ಹುಡುಗಿ ಜೋಗತಿಯಾಗಿ ಕೊಡ ಹೊತ್ತಿದ್ದಳಲ್ಲ’ ಎಂದು ಹೆಸರು ಮರೆತರೂ ವೇಷ ಮರೆಯದೆ ಹೇಳುತ್ತಾರೆ. ಜಾನಪದ ಸುತ್ತು, ಪೌರಾಣಿಕ ಸುತ್ತು, ಅಪ್ಪ-ಅಮ್ಮನನ್ನು ವೇದಿಕೆಗೆ ಕರೆತರುವ ಕುಟುಂಬದ ಸುತ್ತು, ಈ ಮೂರರಲ್ಲಿ ಜನ ಹೆಚ್ಚು ಕರಗಿದ್ದಾರೆ. ಕಾರಣ ಸರಳ. ಅಲ್ಲಿ ಮಗುವಿನ ಕುಣಿತಕ್ಕೆ ಒಂದು ಊರು ಇರುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಹಾಡುಗಳಿಗೆ ಕುಣಿಯುವುದು ಶಾಲೆಯ ಗ್ಯಾದರಿಂಗಿನಿಂದ ಟಿ.ವಿ. ವೇದಿಕೆಯವರೆಗೂ ನಮನವೇ ಆಯಿತು. ‘ಬೆಟ್ಟದ ಹೂವು’ ಚಿತ್ರದ ಬಾಲನಟನಿಗೆ ಮಕ್ಕಳು ಕಾಲಿನಿಂದ ಸಲ್ಲಿಸಿದ ಗೌರವ ಅದು. ಹೆಜ್ಜೆ ತಪ್ಪಿದ್ದರೂ ಯಾರೂ ಅಂಕ ಕಳೆಯುವ ಮನಸ್ಸು ಮಾಡಲಿಲ್ಲ.

ಹಾಡಿನ ಸ್ಪರ್ಧೆಯ ಒಂದು ಉದಾಹರಣೆ ಈ ಮಾತನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಅದೂ ಸವಣೂರು ತಾಲೂಕಿನದೇ. ಚಿಲ್ಲೂರು ಬಡ್ನಿಯ ಹನುಮಂತ ಕುರಿ ಕಾಯುತ್ತ ಹಾಡು ಕಲಿತ ಲಂಬಾಣಿ ಹುಡುಗ. ಜೀ ಕನ್ನಡದ ‘ಸರಿಗಮಪ’ದ ಹದಿನೈದನೆಯ ಆವೃತ್ತಿಯಲ್ಲಿ ಲುಂಗಿ, ಅಂಗಿ, ಹೆಗಲ ಮೇಲಿನ ಟವೆಲ್ಲಿನಲ್ಲೇ ನಿಂತು ಹಾಡಿ ಎರಡನೆಯ ಸ್ಥಾನ ಪಡೆದರು. 2025ರ ಜನವರಿಯಲ್ಲಿ ‘ಬಿಗ್ ಬಾಸ್ ಕನ್ನಡ’ದ ಹನ್ನೊಂದನೆಯ ಆವೃತ್ತಿ ಗೆದ್ದರು. ಶಾಸ್ತ್ರೀಯ ತರಬೇತಿ ಪಡೆದವರ ನಡುವೆ ಅವರ ಗಂಟಲು ಬೇರೆಯಾಗಿ ಕೇಳಿಸಿತು. ಹೊಲದ ಬದುವಿನ ಮೇಲೆ ನಿಂತು ದೂರಕ್ಕೆ ಕೂಗಿ ಹಾಡಿದ ಗಂಟಲು ಅದು. ಹುಬ್ಬಳ್ಳಿ, ಬೆಂಗಳೂರಿನಲ್ಲಿ ಎಷ್ಟು ದುಡ್ಡು ಕೊಟ್ಟರೂ ಅದು ಕಲಿಯಲು ಸಿಗುವುದಿಲ್ಲ. ಹನುಮಂತ ಅವರಿಂದಾಗಿ ಈ ಭಾಗದ ತಂದೆತಾಯಿಗಳಿಗೆ ಒಂದು ಧೈರ್ಯ ಬಂತು. ತಮ್ಮ ಮಾತು, ತಮ್ಮ ಉಡುಪು, ತಮ್ಮ ನಡೆ ವೇದಿಕೆಗೆ ತಕ್ಕದ್ದಲ್ಲ ಎಂಬ ಅಳುಕು ಕಡಿಮೆಯಾಯಿತು. ಒಂದು ಟ್ರೋಫಿಗಿಂತ ಇದು ದೊಡ್ಡದು.

ಮೂರು ನಿಮಿಷ

ಟಿ.ವಿ. ಸ್ಪರ್ಧೆಯ ಒಂದು ಕುಣಿತ ಸುಮಾರು ಮೂರು ನಿಮಿಷದ್ದು. ಆ ಮೂರು ನಿಮಿಷ ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನು ಗಮನಿಸಬೇಕು. ಮೊದಲ ಹತ್ತು ಸೆಕೆಂಡಿನಲ್ಲಿ ನೋಡುಗನ ಕಣ್ಣು ಕಟ್ಟುವ ಪ್ರವೇಶ. ಹಾಡಿನ ಎರಡು ಚರಣ ಕತ್ತರಿಸಿ ಜೋಡಿಸಿದ ಟ್ರ್ಯಾಕ್. ಅರ್ಧ ದಾರಿಯಲ್ಲಿ ಸಂಗೀತ ಒಮ್ಮೆಲೆ ನಿಂತು ಮೌನ, ಮತ್ತೆ ಸ್ಫೋಟ. ಕೊನೆಯಲ್ಲಿ ಎತ್ತಿ ಹಿಡಿದ ಭಂಗಿ, ಹೊಗೆ, ಬೆಳಕು. ಕ್ಯಾಮೆರಾ ಒಂದೇ ಕಡೆ ನಿಲ್ಲುವುದಿಲ್ಲ, ಮುಖಕ್ಕೂ ತೀರ್ಪುಗಾರರ ಕಣ್ಣೀರಿಗೂ ಓಡಾಡುತ್ತದೆ.

ಡೊಳ್ಳು ಈ ಅಳತೆಗೆ ಬಂದಾಗ ಅದರ ಏರಿಕೆ ಹೋಗುತ್ತದೆ. ಊರಿನಲ್ಲಿ ಡೊಳ್ಳು ನಿಧಾನವಾಗಿ ಕಾಯುತ್ತದೆ. ಇಪ್ಪತ್ತು ನಿಮಿಷದ ಹೊತ್ತಿಗೆ ಹೊಡೆಯುವವರೂ ನೋಡುವವರೂ ಒಂದೇ ಲಯದಲ್ಲಿ ಉಸಿರಾಡುತ್ತಿರುತ್ತಾರೆ. ಟಿ.ವಿ.ಯಲ್ಲಿ ಅದು ಶುರುವಾಗುವುದೇ ಕೊನೆಯ ಏರಿನಿಂದ. ಇನ್ನೊಂದು ನಷ್ಟವೂ ಇದೆ. ಡೊಳ್ಳು ಕುಣಿತದ ಜೀವ ಪಾದದಲ್ಲಿ, ಆ ಸಡಿಲ ಮೊಣಕಾಲಿನಲ್ಲಿ. ಕ್ಯಾಮೆರಾ ಸೊಂಟದಿಂದ ಮೇಲೆ ನಿಂತಾಗ ಉಳಿಯುವುದು ಕೋಲು ಮತ್ತು ಮುಖ ಮಾತ್ರ. ಒಡಪಿನ ಗತಿ ಇನ್ನೂ ಕಷ್ಟ. ಮಾತು ನಿಂತ ಜಾಗದಿಂದ ಕುಣಿತ ಹುಟ್ಟಬೇಕಾದಲ್ಲಿ ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕು ಓಡುತ್ತಿದ್ದರೆ ಪುರವಂತಿಕೆ ಬರಿಯ ವೇಷವಾಗುತ್ತದೆ. ಲಂಬಾಣಿ ಕುಣಿತದ ವೃತ್ತವನ್ನು ಬಿಚ್ಚಿ ತೀರ್ಪುಗಾರರ ಕಡೆಗೆ ಮುಖ ಮಾಡಿದ ಸಾಲಾಗಿಸಿದರೆ ಅದರಲ್ಲಿ ಅಜ್ಜಿಗೆ ಜಾಗವೇ ಇರುವುದಿಲ್ಲ.

ಲಾಭವೂ ಆಗಿದೆ, ಅದನ್ನು ಮುಚ್ಚಿಡಬಾರದು. ಗುಡಿಯ ಮುಂದೆ ಗಂಡಸರದೇ ಆಗಿದ್ದ ಡೊಳ್ಳನ್ನು ಹೆಣ್ಣುಮಕ್ಕಳ ತಂಡಗಳು ಇಂದು ಹೆಮ್ಮೆಯಿಂದ ಬಾರಿಸುತ್ತವೆ. ಶಾಲೆಯ ಗ್ಯಾದರಿಂಗು, ಪ್ರತಿಭಾ ಕಾರಂಜಿ, ಉತ್ಸವದ ಮೆರವಣಿಗೆ ಇದಕ್ಕೆ ಕಾರಣವಾದಷ್ಟೇ ಟಿ.ವಿ.ಯೂ ಕಾರಣ. ಅಕ್ಕನ ಡೊಳ್ಳಿನ ಕುಣಿತಕ್ಕೆ ಬೆಂಗಳೂರಿನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ಕಂಡ ಮನೆ ತಂಗಿಯನ್ನು ತಡೆಯುವುದಿಲ್ಲ. ಆದರೆ ಚಪ್ಪಾಳೆಯೊಂದೇ ತಂಡವನ್ನು ಉಳಿಸುವುದಿಲ್ಲ. ಡೊಳ್ಳು ಹಿಡಿದ ಯುವಕರು ನಗರಕ್ಕೆ ಹೊರಟು ಹಳ್ಳಿಯ ತಂಡ ಒಡೆಯುವ ಕಥೆಯನ್ನೇ ಹೇಳುವ ಸಾಗರ್ ಪುರಾಣಿಕ್ ಅವರ ‘ಡೊಳ್ಳು’ ಚಿತ್ರ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದು 2022ರಲ್ಲಿ ತೆರೆಗೆ ಬಂತು. ಕಲೆ ಒಲ್ಲದ್ದಕ್ಕೆ ಹುಡುಗರು ಊರು ಬಿಡುವುದಿಲ್ಲ. ಹೊಟ್ಟೆಪಾಡು ಬಿಡಿಸುತ್ತದೆ.

ದೈವ, ದೇವರಿಗೆ ಸಂಬಂಧಿಸಿದ ಕುಣಿತವನ್ನು ಸ್ಪರ್ಧೆಗೆ ತರಬಹುದೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ದೈವದ ವೇಷವನ್ನು ಅನುಕರಿಸಬೇಡಿ ಎಂಬ ಮನವಿ ಕರಾವಳಿಯಿಂದ ಬಂತು, ಚಿತ್ರದ ನಿರ್ದೇಶಕರೂ ಅದನ್ನೇ ಹೇಳಿದರು. ಪುರವಂತಿಕೆ ಮೊದಲಿನಿಂದಲೂ ಗುಡಿ ದಾಟಿ ಮದುವೆ, ಮೆರವಣಿಗೆಗೆ ಬಂದ ಕಲೆ. ಅದು ವೇದಿಕೆ ಏರುವುದಕ್ಕೆ ತಡೆಯಿಲ್ಲ. ಹರಕೆಯ ಶಸ್ತ್ರವನ್ನು ಮಾತ್ರ ಅಂಕದ ಆಟಕ್ಕೆ ತರಬಾರದು.

ಮಗುವಿನ ಕಡೆಯಿಂದ

ಹಾನಗಲ್ಲಿಗೂ ಹಿರೇಕೆರೂರಿಗೂ ರೈಲಿಲ್ಲ. ಹಾನಗಲ್ಲಿನಿಂದ ಬೆಂಗಳೂರಿಗೆ ಹೋಗಬೇಕಾದ ಮಗು ಬಸ್ಸಿನಲ್ಲಿ ಹಾವೇರಿಗೆ ಬಂದು ಅಲ್ಲಿಂದ ರಾತ್ರಿ ಪ್ರಯಾಣ ಮಾಡಬೇಕು. ಒಟ್ಟು ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ. ಆಡಿಷನ್ ದಾಟಿದರೆ ವಾರಗಟ್ಟಲೆ ಬೆಂಗಳೂರಿನಲ್ಲೇ ತಂಗಬೇಕು. ಜೊತೆಗೆ ತಾಯಿ ಹೋದರೆ ಮನೆಯ ಗತಿ, ತಂದೆ ಹೋದರೆ ಹೊಲದ ಗತಿ. ಬಾಡಿಗೆ ಕೋಣೆ, ಉಡುಪು, ಶಾಲೆಯ ರಜೆ ಎಲ್ಲದಕ್ಕೂ ಲೆಕ್ಕವಿದೆ. ಸ್ಪರ್ಧೆಯಲ್ಲಿ ಹಳ್ಳಿಯ ಮಕ್ಕಳು ಕಡಿಮೆ ಕಾಣುವುದಕ್ಕೆ ಪ್ರತಿಭೆಗಿಂತ ಈ ಲೆಕ್ಕವೇ ಮುಖ್ಯ ಕಾರಣ.

ಕಾಯಿದೆ ಮಗುವಿನ ಪರವಾಗಿ ಕೆಲವು ಗೆರೆ ಎಳೆದಿದೆ, ತಂದೆತಾಯಿಗಳಿಗೆ ಅವು ಗೊತ್ತಿರಲೇಬೇಕು. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಬಂದ ತಿದ್ದುಪಡಿ ಮಕ್ಕಳು ಕಲಾವಿದರಾಗಿ ದುಡಿಯಲು ಅವಕಾಶ ಕೊಟ್ಟಿತು, ಮರುವರ್ಷದ ನಿಯಮಗಳು ಷರತ್ತು ಹಾಕಿದವು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿಶ್ರಾಂತಿಯಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕೆಲಸ ಕೂಡದು. ಚಿತ್ರೀಕರಣಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟು ಅದರ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ಹೋಗಬೇಕು. ಐದು ಮಕ್ಕಳಿಗೆ ಒಬ್ಬರಂತೆ ಹೊಣೆಗಾರರಿರಬೇಕು. 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ದೊಡ್ಡವರಿಗಾಗಿ ಮಾಡಿದ ಸಿನಿಮಾ ಕುಣಿತಗಳನ್ನು ವಯಸ್ಸಿಗೆ ಒಪ್ಪದ ರೀತಿಯಲ್ಲಿ ಮಕ್ಕಳಿಂದ ಮಾಡಿಸಬೇಡಿ ಎಂದು ಎಲ್ಲ ವಾಹಿನಿಗಳಿಗೂ ಸೂಚನೆ ಕಳಿಸಿತು. ಆ ಸೂಚನೆ ಬೇಕಾಯಿತು ಎಂಬುದೇ ನೋವಿನ ಸಂಗತಿ. ಸೋತ ಮಗು ವೇದಿಕೆಯ ಮೇಲೆ ಅಳುವುದನ್ನು ಹತ್ತಿರದಿಂದ ತೋರಿಸುವುದನ್ನು ಯಾವ ಕಾಯಿದೆಯೂ ಇನ್ನೂ ನಿಲ್ಲಿಸಿಲ್ಲ. ಅದನ್ನು ವಾಹಿನಿಗಳು ತಾವಾಗಿಯೇ ನಿಲ್ಲಿಸಬೇಕು.

ಕಲಿಯುವ ಜಾಗ

ಕುಣಿಯುವ ಮಗುವಿಗೆ ಬೆಂಗಳೂರೇ ದಾರಿ ಎಂದಾಗಬಾರದು. ಜಾನಪದಕ್ಕೆಂದೇ ಇರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ 2011ರಲ್ಲಿ ಸ್ಥಾಪನೆಯಾದದ್ದು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ. ಅದೇ ಊರಿನ ಹೆದ್ದಾರಿಯ ಪಕ್ಕದಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ ಸೊಲಬಕ್ಕನವರು 2020ರಲ್ಲಿ ತೀರಿಕೊಂಡರು. ಶಾಲೆಯ ಪ್ರವಾಸದಲ್ಲಿ ಬಂದ ಮಕ್ಕಳು ಆ ಶಿಲ್ಪಗಳ ಮುಂದೆ ನಿಂತು ಅವುಗಳ ಭಂಗಿಯನ್ನೇ ಮಾಡಿ ನಗುತ್ತಾರೆ. ಮಗು ಕುಣಿತ ಕಲಿಯುವುದು ಮೊದಲು ಹೀಗೆಯೇ, ಕಂಡದ್ದನ್ನು ಮೈಗೆ ತಂದುಕೊಂಡು. ಜಾನಪದದ ವಿಶ್ವವಿದ್ಯಾಲಯ, ಶೇಷಗಿರಿಯ ರಂಗಮಂದಿರ, ಬಾಡದ ಕನಕನ ನೆಲ ಎಲ್ಲವೂ ಒಂದು ದಿನದ ಓಡಾಟದ ಅಂತರದಲ್ಲಿವೆ. ಬೇಸಿಗೆ ರಜೆಯಲ್ಲಿ ಈ ಸೀಮೆಯ ಪುರವಂತರು, ಡೊಳ್ಳಿನ ಹಿರಿಯರು, ದೊಡ್ಡಾಟದ ಮಾಸ್ತರರು ಗೌರವಧನ ಪಡೆದು ಮಕ್ಕಳಿಗೆ ಕಲಿಸುವ ಏರ್ಪಾಟು ಪ್ರತಿ ಹೋಬಳಿಯಲ್ಲೂ ಆಗಬೇಕು.

ವಾಹಿನಿಗಳಿಗೂ ಒಂದು ಕೋರಿಕೆ ಇದೆ. ಮಗು ಕುಣಿಯುವಾಗ ತೆರೆಯ ಕೆಳಗೆ ಸ್ಪರ್ಧಿಯ ಹೆಸರು, ಹಾಡಿನ ಹೆಸರು ಕಾಣಿಸುತ್ತದೆ. ಜಾನಪದದ ಸುತ್ತಿನಲ್ಲಾದರೂ ಅದರ ಜೊತೆಗೆ ಆ ಕುಣಿತದ ಹೆಸರು, ಅದು ಯಾವ ಸೀಮೆಯದು, ಅದನ್ನು ಕಲಿಸಿದವರು ಯಾರು ಎಂಬ ಮೂರು ಮಾತು ಬರೆಯಿರಿ. ಇದಕ್ಕೆ ಖರ್ಚೇನೂ ಇಲ್ಲ, ಒಂದು ಸಾಲಿನ ಜಾಗ ಸಾಕು.